ಹಣಿಗೆ ಹಿಡಿದು ನಡೆದ ನಾಲ್ಕು ದಿನ

ಹೋದ ಭಾನುವಾರ ಸಂಜೆ ನೀನು ಎರಡು ಕೆಂಪು ರಿಬ್ಬನ್ ತಂದು ನನ್ನ ಮುಂದೆ ಬೆನ್ನು ಹಾಕಿ ಕುಳಿತೆ. “ಆಯಿ, ಎರಡ್ ಹೆರಳ ಹಾಕು” ಅಂದೆ. ನಿನ್ನ ತಮ್ಮ ಕಟ್ಟೆಯ ಮೇಲೆ ಆಡುತ್ತಿದ್ದ. ನಿಮ್ಮನ್ನು ಕರೆದುಕೊಂಡು ಹೋಗಲು ಬಂದ ನಿಮ್ಮ ಅವ್ವ ಬಾಗಿಲಲ್ಲಿ ನಿಂತಿದ್ದಳು. “ಅವರು ಹಾಕೂದಿಲ್ಲ. ಬಾ ಇಲ್ಲೆ” ಅಂದಳು.

“ನಮ್ಮ ಕ್ಲಾಸಿನಾಗ ಎಲ್ಲಾರ್ಗೂ ಅವರ ಆಯಿನ ಹಾಕ್ತಾರ. ನಮ್ಮ ಆಯಿ ಯಾಕ ಹಾಕೂದಿಲ್ಲ?” ಎಂದು ನೀನು ಕೇಳಿದೆ.

ನಿನ್ನ ಅಜ್ಜಿ ನಾನು, ರಿಬ್ಬನ್ ಮಡಿಸಿ ನಿನ್ನ ಕೈಗೇ ಕೊಟ್ಟೆ. ನಿಮ್ಮ ಅವ್ವ ನನಗೆ ಹೇಳಿದಳು: “ಬರದ ಇಡ್ರಿ. ಏಳನೇತ್ತೆ ತನಕ ಸಾಲಿ ಕಲತೀರಲ್ಲ. ದೊಡ್ಡಾಕಿ ಆದ ಮ್ಯಾಲ ಓದಲಿ. ಏನೂ ಬಿಡಬ್ಯಾಡ್ರಿ.”

ಅದಕ್ಕೇ ಬರೆಯುತ್ತಿದ್ದೇನೆ. ಮಾತಾಡುವುದು ನನಗೆ ಮೊದಲಿನಿಂದಲೂ ಆಗುವುದಿಲ್ಲ. ಚಿಮ್ಮಡದ ಸಾಲೆಯಲ್ಲಿ ಮಾಸ್ತರರು ಎದ್ದು ನಿಂತು ಪಾಠ ಓದು ಎಂದರೆ ನಾನು ಪುಸ್ತಕದಿಂದ ಮುಖ ಮುಚ್ಚಿಕೊಳ್ಳುತ್ತಿದ್ದೆ. ಬರೆ ಎಂದರೆ ಮಾತ್ರ ತಪ್ಪಿಲ್ಲದೆ ಬರೆಯುತ್ತಿದ್ದೆ.

ಇದೆಲ್ಲ ಶುರುವಾದಾಗ ನಿನ್ನ ತಮ್ಮ ಎಂಟು ತಿಂಗಳ ಕೂಸು. ನಿಮ್ಮ ಅಜ್ಜ ಹೋಗಿ ಮೂರು ವರ್ಷವಾಗಿತ್ತು. ನಾವೆಲ್ಲ ಬನಹಟ್ಟಿಯ ಇದೇ ಮನೆಯಲ್ಲಿದ್ದೆವು. ಒಂದು ಬೆಳಿಗ್ಗೆ ನಾನು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಾಗ ನಿಮ್ಮ ಅವ್ವ ಬಂದು ಹತ್ತಿರ ಕುಳಿತಳು. ಸೆರಗಿನ ಮೇಲಿಂದಲೇ ಎಡಗಡೆ ಬೆರಳಿಟ್ಟು, “ಅತ್ತಿ, ಇಲ್ಲೊಂದು ಗಂಟ ಆಗೈತ್ರಿ” ಅಂದಳು.

“ಹಾಲಗಂಟು ಅದು. ಹಾಲ ಕುಡಸೂ ಎಲ್ಲಾರ್ಗೂ ಆಗತೈತಿ” ಅಂದೆ. ಸುತ್ತುವ ಕೈ ನಿಲ್ಲಿಸಲಿಲ್ಲ.

ಹಾಲುಗಂಟಿಗೆ ನಮ್ಮ ಮನೆಯಲ್ಲಿ ಒಂದು ಉಪಾಯ ಇತ್ತು. ಮಗ್ಗದಲ್ಲಿ ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಸಾಧನಕ್ಕೂ ನಾವು ಹಣಿಗೆ ಅನ್ನುತ್ತೇವೆ, ತಲೆ ಬಾಚುವುದಕ್ಕೂ ಹಣಿಗೆ ಅನ್ನುತ್ತೇವೆ. ಸಿಕ್ಕಾದ ಎಳೆಯನ್ನು ಹಣಿಗೆ ಬಿಡಿಸುತ್ತದೆ, ಸಿಕ್ಕಾದ ಕೂದಲನ್ನೂ ಬಿಡಿಸುತ್ತದೆ, ಹಾಗೆಯೇ ಕಟ್ಟಿದ ಹಾಲನ್ನೂ ಬಿಡಿಸುತ್ತದೆ ಎಂದು ನನ್ನ ಅತ್ತೆ ನಂಬಿದ್ದರು. ಕಟ್ಟಿಗೆಯ ಹಣಿಗೆಯನ್ನು ಕೆಂಡದ ಮೇಲೆ ಬೆಚ್ಚಗೆ ಮಾಡಿ, ಹರಳೆಣ್ಣೆ ಹಚ್ಚಿ, ಮೇಲಿನಿಂದ ಕೆಳಕ್ಕೆ ಬಾಚಬೇಕು. ನಿಮ್ಮ ಅಪ್ಪ ಕೂಸಾಗಿದ್ದಾಗ ಅವರು ನನಗೆ ಹಾಗೆ ಬಾಚಿದ್ದರು. ಎರಡು ದಿನಕ್ಕೆ ಹಾಲು ಇಳಿದಿತ್ತು. ಅದೇ ಹಣಿಗೆ ನನ್ನ ಬಳಿ ಇತ್ತು.

ನಿಮ್ಮ ಅವ್ವನಿಗೆ ಎರಡು ದಿನಕ್ಕೆ ಇಳಿಯಲಿಲ್ಲ, ವಾರಕ್ಕೂ ಇಳಿಯಲಿಲ್ಲ. ನಾನು ಕೈ ಬಿಗಿ ಮಾಡಿದೆ. ಅವಳು ಸೆರಗಿನ ತುದಿ ಬಾಯಲ್ಲಿ ಕಚ್ಚಿಕೊಂಡು ಕುಳಿತಿರುತ್ತಿದ್ದಳು.

“ಭಾಳ ಒತ್ತತೀರ್ರಿ ಅತ್ತಿ.”

“ಒತ್ತದ ಹ್ಯಾಂಗ ಇಳಿದೀತು? ನಾಜೂಕ ಮಾಡಬ್ಯಾಡ, ಸುಮ್ನ ಕುಂಡ್ರು.”

ಏನೂ ಬಿಡಬೇಡಿ ಎಂದಿದ್ದಾಳಲ್ಲ, ಇದನ್ನೂ ಬರೆಯುತ್ತೇನೆ. ಆ ತಿಂಗಳಲ್ಲಿ ಅವಳ ಮೇಲೆ ನನಗೆ ಸಿಟ್ಟಿತ್ತು. ಅಜ್ಜನ ಕೈಮಗ್ಗವನ್ನು ಮಾರಿ ಆ ಜಾಗದಲ್ಲಿ ಮಕ್ಕಳಿಗೊಂದು ಕೋಣೆ ಮಾಡೋಣ ಎಂದು ಅವಳು ಹೇಳಿದ್ದಳು, ನಿಮ್ಮ ಅಪ್ಪ ಹೂಂ ಅಂದಿದ್ದ. ಆ ಸಿಟ್ಟು ಬಾಚುವಾಗ ನನ್ನ ಕೈಯಲ್ಲಿ ಇತ್ತೋ ಇಲ್ಲವೋ ಎಂದು ಎಷ್ಟೋ ದಿನ ನನ್ನನ್ನೇ ಕೇಳಿಕೊಂಡಿದ್ದೇನೆ. ಇತ್ತು.

ಒಂದೂವರೆ ತಿಂಗಳಾದ ಮೇಲೆ ಅವಳೇ ಹಟ ಹಿಡಿದು ದವಾಖಾನೆಗೆ ಹೊರಟಳು. ನಾನು ಜೊತೆಗೆ ಹೋದೆ. ಡಾಕ್ಟರು ಗಂಡಸು, ಇನ್ನೂ ಹರೆಯದವನು. ಪರದೆ ಇರಲಿಲ್ಲ, ಹಿಂದೆ ಬೆಂಚಿನ ಮೇಲೆ ನಮ್ಮ ಓಣಿಯವರೇ ಇಬ್ಬರು ಕುಳಿತಿದ್ದರು. “ಏನ ತ್ರಾಸು?” ಎಂದು ಅವನು ಕೇಳಿದ. ನಿಮ್ಮ ಅವ್ವ ಬಾಯಿ ತೆರೆದಳು. ಅವಳು ಆ ಶಬ್ದ ಅಂದುಬಿಡುತ್ತಾಳೆ ಎಂದು ಹೆದರಿ ನಾನೇ ಮುಂದಾಗಿ ಹೇಳಿದೆ: “ಎದಿ ನೋವ್ರಿ.”

ನಮ್ಮಲ್ಲಿ ಆ ಅಂಗಕ್ಕೆ ಇರುವ ಹೆಸರು ಮಲಿ. ಕೂಸಿಗೆ, ಆಕಳಿಗೆ ಹೇಳುವಾಗ ಎಲ್ಲರೂ ಅನ್ನುತ್ತಾರೆ, ಮನೆಯ ಸೊಸೆಗೆ ಅನ್ನುವುದಿಲ್ಲ. ಎದಿ ಅಂದರೆ ಮರ್ಯಾದೆ ಉಳಿಯುತ್ತದೆ. ಡಾಕ್ಟರು ಎದೆ ಎಂದದ್ದನ್ನು ಎದೆಯೆಂದೇ ತಿಳಿದ. ಬೇರೆ ಕೋಣೆಗೆ ಕಳಿಸಿ ವಾಯರು ಹಚ್ಚಿಸಿ ಹೃದಯದ ಪಟ್ಟಿ ತೆಗೆಸಿದ. ಹೃದಯ ಗಟ್ಟಿಯಾಗಿದೆ, ಗ್ಯಾಸು ಇರಬೇಕು ಎಂದು ಗುಳಿಗೆ ಬರೆದುಕೊಟ್ಟ.

ಹೊರಗೆ ಬಂದ ಮೇಲೆ ಅವಳು, “ಗಂಟಿನ ಮಾತ ಹೇಳಲೇ ಇಲ್ಲಲ್ರಿ” ಅಂದಳು.

“ಗಂಡಸರ ಮುಂದ ಏನಂತ ಹೇಳ್ಲಿ? ಗುಳಿಗಿ ಕೊಟ್ಟಾನಲ್ಲ, ತಗೋ ಸುಮ್ನ.”

ನಾಲ್ಕು ತಿಂಗಳು ಅವಳು ಗ್ಯಾಸಿನ ಗುಳಿಗೆ ನುಂಗಿದಳು. ಆಮೇಲೆ ಆ ಜಾಗದ ಚರ್ಮ ಒಳಗೆ ಎಳೆದುಕೊಂಡಿತು. ಅವಳ ತವರಿನವರು ಬಂದು ದೂರದ ದೊಡ್ಡ ಆಸ್ಪತ್ರೆಗೆ ಒಯ್ದರು. ಅಲ್ಲಿಯ ಡಾಕ್ಟರಮ್ಮ ಸೆರಗು ಸರಿಸಿ ನೋಡಿ, ಮೊದಲು ಗಂಟನ್ನು ಕೇಳಲಿಲ್ಲವಂತೆ. ಸಾಲಾಗಿ ಬಿದ್ದ ಹಳೆಯ ಗೀರುಗಳನ್ನು ತೋರಿಸಿ “ಇದೇನು?” ಎಂದು ಕೇಳಿದರಂತೆ. ಎಡಗಡೆಯದನ್ನು ಪೂರ್ತಿ ತೆಗೆದರು, ಕಂಕುಳಲ್ಲಿಯ ಗಂಟುಗಳನ್ನೂ ತೆಗೆದರು. ಔಷಧಕ್ಕೆ ಅವಳ ಕೂದಲೆಲ್ಲ ಉದುರಿತು. ನಿನ್ನ ತಮ್ಮನಿಗೆ ಹಾಲು ಬಿಡಿಸಿದ್ದೂ ಆಗಲೇ.

ಅವಳು ತಿರುಗಿ ಈ ಮನೆಗೆ ಬರಲಿಲ್ಲ. ನಿಮ್ಮ ಅಪ್ಪ ಜಮಖಂಡಿಯಲ್ಲಿ ಬಾಡಿಗೆ ಮನೆ ಹಿಡಿದ. ಅವನು ತಿಂಗಳಿಗೊಮ್ಮೆ ಬಂದು ಚಹಾ ಕುಡಿದು, ಗೋಡೆ ನೋಡಿ ಹೋಗುತ್ತಿದ್ದ. “ಮಕ್ಕಳನ್ನ ಕರಕೊಂಡ ಬಾರಪಾ” ಅಂದರೆ, “ಆಕೀನ್ನ ಕೇಳು” ಅನ್ನುತ್ತಿದ್ದ. ಒಂದು ವರ್ಷ ಎರಡು ತಿಂಗಳು ನಾನು ನಿಮ್ಮ ಮುಖ ನೋಡಲಿಲ್ಲ.

ಕೊನೆಗೆ ಒಂದು ದಿನ ಶೇಂಗಾ ಉಂಡೆ ಕಟ್ಟಿಕೊಂಡು ಬಸ್ಸು ಹತ್ತಿ ಜಮಖಂಡಿಗೆ ಹೋದೆ. ನಿಮ್ಮ ಅವ್ವ ಬಾಗಿಲಿಗೆ ಅಡ್ಡ ನಿಂತಳು. ಒಳಗಿನಿಂದ ನೀನು ಮಗ್ಗಿ ಹೇಳುವುದು ಕೇಳಿಸುತ್ತಿತ್ತು. ಏಳರ ಮಗ್ಗಿಯಲ್ಲಿ ಎರಡು ಕಡೆ ತಪ್ಪಿದೆ.

“ಕೂತು ಹೋಗ್ರಿ” ಎಂದು ಅವಳು ಅನ್ನಲಿಲ್ಲ. ಬೈಯಲೂ ಇಲ್ಲ. ಪ್ರತಿ ಮಾತಿಗೂ ರೀ ಹಚ್ಚಿದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

“ಮುಂದಿನ ವಾರ ನಾವು ಕ್ಯಾನ್ಸರ್ ಆದವರೆಲ್ಲ ಕೂಡಿ ನಡಿಯಾಕತ್ತೇವ್ರಿ. ಇಲ್ಲಿಂದ ರಬಕವಿ-ಬನಹಟ್ಟಿ, ಅಲ್ಲಿಂದ ಮುಧೋಳ, ಮುಂದ ಬೀಳಗಿ. ನಾಕ ದಿನ. ನೀವೂ ಬರ್ರಿ. ನಿಮ್ಮ ಹಣಗಿ ತಗೊಂಡ ಬರ್ರಿ. ಊರೂರಾಗ ನಾ ಮಾತಾಡೂವಾಗ ಹಣಗಿ ಹಿಡಕೊಂಡ ನನ್ನ ಬಾಜೂಕ ನಿಂದ್ರಬೇಕು. ಕಡೀ ದಿನ ನೀವ ಹೇಳಬೇಕು, ಎದಿ ಗಿದಿ ಅನ್ನಂಗಿಲ್ಲ. ಪೂರಾ ನಡದ್ರ ಮಕ್ಕಳನ್ನ ಐತವಾರಕ್ಕೊಮ್ಮೆ ಕಳಸ್ತೇನಿ. ನಡುವ ಬಸ್ ಹತ್ತಿದ್ರ ಮುಗೀತ್ರಿ.”

ಉಂಡೆಯ ಡಬ್ಬಿ ತೆಗೆದುಕೊಂಡಳು. ಬಾಗಿಲು ಮುಚ್ಚಿಕೊಂಡಿತು. ನೀನು ಒಳಗೆ “ಯಾರವ್ವ?” ಎಂದು ಕೇಳಿದ್ದೂ ಕೇಳಿಸಿತು. “ಯಾರೂ ಅಲ್ಲ” ಅಂದಳು.

ನಡೆಯಲು ಬಂದವರು ನಲವತ್ತು ಹೆಂಗಸರಿರಬಹುದು, ಹಿಂದೆ ನೀರು ಚಾಪೆ ಹೊತ್ತ ಒಂದು ಟೆಂಪೋ, ಒಬ್ಬ ನರ್ಸು, ಮುಂದೆ ನಡೆಸುವ ಪಟ್ಟಣದ ಒಬ್ಬ ಮೇಡಮ್ಮು, ಅವರನ್ನು ಎಲ್ಲರೂ ಬಾಯಿ ಎಂದು ಕರೆಯುತ್ತಿದ್ದರು. ನಾವು ನಡೆದದ್ದಕ್ಕೆ ಜನ ಕೊಟ್ಟ ದುಡ್ಡಿನಲ್ಲಿ ಹಳ್ಳಿಹಳ್ಳಿಗೆ ಹೋಗಿ ತಪಾಸಣೆ ಮಾಡುವ ಒಂದು ಗಾಡಿ ತರುವವರಿದ್ದರು. ಎಲ್ಲರಿಗೂ ಗುಲಾಬಿ ಟೊಪ್ಪಿಗೆ ಕೊಟ್ಟರು. ನಾನು ತಲೆಯ ಮೇಲೆ ಸೆರಗು ಹೊದ್ದು, ಸೆರಗಿನ ಮೇಲೆ ಟೊಪ್ಪಿಗೆ ಇಟ್ಟುಕೊಂಡೆ. ಕೈಯಲ್ಲಿ ಹಣಿಗೆ. ಹಾದಿಯಲ್ಲಿ ಒಬ್ಬಾಕೆ, “ಆಯಿ, ತಲಿ ಬಾಚಕೊಳ್ಳಾಕ ಪುರಸೊತ್ತ ಸಿಗಲಿಲ್ಲೇನು?” ಎಂದು ನಕ್ಕಳು. ಊರು ಮುಟ್ಟಿದ ಮೇಲೆ ಅವಳಿಗೂ ಗೊತ್ತಾಯಿತು. ಆಮೇಲೆ ಅವಳು ನನ್ನ ಬಾಜೂಕೆ ನಡೆಯಲಿಲ್ಲ.

ಮೊದಲನೆಯ ದಿನದ ಕೊನೆಯ ಸಭೆ ನಮ್ಮ ಓಣಿಯಲ್ಲೇ ಆಯಿತು. ವಿದ್ಯುತ್ ಮಗ್ಗ ನಿಲ್ಲಿಸಿ ಜನ ಹೊರಗೆ ಬಂದರು. ನಿಮ್ಮ ಅವ್ವ ಮೈಕು ಹಿಡಿದು, “ಇವರು ನಮ್ಮ ಅತ್ತಿ. ಕೈಯಾಗ ಇರೂದು ಇವರ ಹಣಗಿ. ಒಂದೂವರಿ ತಿಂಗಳ ಇದರಲೇ ನನ್ನ ಮಲಿ ಬಾಚಿದ್ರು. ಡಾಕ್ಟರ ಮುಂದ ಎದಿ ನೋವು ಅಂದ್ರು” ಎಂದಳು. ದನಿ ಏರಿಸಲಿಲ್ಲ. ಸಂತೆಯಲ್ಲಿ ಸೀರೆಯ ಬಣ್ಣ ಹೇಳುವ ಹಾಗೆ ಹೇಳಿದಳು.

ಮೂವತ್ತೆಂಟು ವರ್ಷ ನಾನು ಬಾಗಿದ ತಲೆ ಎತ್ತದೆ ಓಡಾಡಿದ ಓಣಿ ಅದು. ಪಕ್ಕದ ಮನೆಯಾಕೆ ಎದ್ದು, “ನಾವೂ ಸೊಸೆಂದ್ರಿಗೆ ಬಾಚೀವಿ ಬಿಡು. ನಮ್ಮ ಕೈ ಛಲೋ ಐತಿ, ನಮ್ಮನ್ಯಾಗ ಯಾರಿಗೂ ಏನೂ ಆಗಿಲ್ಲ” ಅಂದಳು. ನನ್ನನ್ನು ನೋಡಿಯೇ ಅಂದಳು.

ಎರಡನೆಯ ದಿನ ಚಿಮ್ಮಡ. ನನ್ನ ತವರು. ನಾನು ಕಲಿತ ಸಾಲೆಯ ಅಂಗಳದಲ್ಲೇ ನಮ್ಮನ್ನು ಕೂಡಿಸಿದರು. ಪಟ್ಟಣದ ಬಾಯಿ ಮೈಕಿನಲ್ಲಿ, “ನಾವು ಸ್ತನ ಕ್ಯಾನ್ಸರ್ ಬಗ್ಗೆ ತಿಳಿಸಲು ಬಂದಿದ್ದೇವೆ” ಅಂದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

“ಯಾವ ಸ್ಥಾನರೀ ಬಾಯಿ?” ಎಂದು ಒಬ್ಬ ಮುದುಕಿ ಕೇಳಿದಳು.

“ಸ್ಥಾನ ಅಲ್ಲಮ್ಮ, ಸ್ತನ. ಅಂದರೆ ವಕ್ಷಸ್ಥಳ.”

“ಅದೂ ಒಂದು ಸ್ಥಳನ? ನಾವು ಹೊಲಾ ಬಿಟ್ಟ ಯಾವ ಸ್ಥಳಕ್ಕೂ ಹೋಗಿಲ್ಲವ್ವ. ನಮಗ್ಯಾಕ ಬರತೈತಿ ಅದು?”

ಅಂಗಳವೆಲ್ಲ ನಕ್ಕಿತು. ನಿಮ್ಮ ಅವ್ವ ಮೈಕು ಇಸಿದುಕೊಂಡು ನಮ್ಮ ಮಾತಿನಲ್ಲಿ ಆ ಹೆಸರು ಹೇಳಿದಳು. ನಗು ಒಮ್ಮೆಲೇ ನಿಂತಿತು. ಸಾಲೆಯ ಗೋಡೆಯಾಚೆ ಚಹಾದಂಗಡಿಯಿಂದ ಒಬ್ಬ ಗಂಡಸಿನ ದನಿ ಬಂತು: “ಬರ್ರ್ಯೋ, ಮಲಿ ಮೆರವಣಿಗಿ ಬಂದೈತಿ.” ಈಗ ಗಂಡಸರು ನಕ್ಕರು.

ನಿಮ್ಮ ಅವ್ವ ನನ್ನ ಕಥೆ ಹೇಳಿ ಮುಗಿಸಿದ ಮೇಲೆ ನನ್ನ ಅಣ್ಣನ ಹೆಂಡತಿ ಮುಂದೆ ಬಂದಳು. ಸಾಲೆ ಕಟ್ಟೆ ಹತ್ತದವಳು ಅವಳು. ಮದುವೆಯಾದ ಹೊಸದರಲ್ಲಿ ನಾನು ಅವಳಿಗೆ ಬಸ್ಸಿನ ಬೋರ್ಡು ಓದಿ ಹೇಳಿ ಮನಸ್ಸಿನಲ್ಲೇ ಹಿಗ್ಗುತ್ತಿದ್ದೆ. ಅದು ಅವಳಿಗೆ ಆಗಲೇ ತಿಳಿದಿತ್ತು ಅಂತ ಕಾಣುತ್ತದೆ.

“ಸಾಲಿ ಕಲತಾಕಿ ನಮ್ಮ ನಾದಿನಿ” ಎಂದು ಎಲ್ಲರಿಗೂ ಕೇಳುವಂತೆ ಅಂದಳು. “ನಾವರ ಓದು ಬರಿ ಇಲ್ಲದವರು. ಬಾಚಿದ್ರೂ ಹೆಬ್ಬೆಟ್ಟಿನವರು ಅಂತಿದ್ರು. ನಿನಗ ಮಾಸ್ತರ್ರು ಏನ ಕಲಿಸಿದ್ರವ್ವ?”

ಊಟಕ್ಕೆ ಮನೆಗೆ ಬಾ ಎಂದು ಯಾರೂ ಕರೆಯಲಿಲ್ಲ. ಟೆಂಪೋದ ನೆರಳಲ್ಲಿ ಕುಳಿತು ಎಲ್ಲರೊಂದಿಗೆ ಚಿತ್ರಾನ್ನ ತಿಂದೆ.

ಮುಧೋಳದ ಹಾದಿಯಲ್ಲಿ ನನ್ನ ಚಪ್ಪಲಿಯ ಉಂಗುಟ ಹರಿಯಿತು. ಸೇಫ್ಟಿ ಪಿನ್ನು ಚುಚ್ಚಿ ನಡೆದೆ, ಪಿನ್ನು ಬೆರಳಿಗೆ ಚುಚ್ಚಿತು. ಹಿಮ್ಮಡಿಯ ಬೊಕ್ಕೆ ಒಡೆದು ಚಪ್ಪಲಿ ಜಿಗಿಜಿಗಿ ಆಯಿತು. ಹಿಂದಿನಿಂದ ಬಸ್ಸು ಬಂದಾಗ ನಿಮ್ಮ ಅವ್ವ ತಿರುಗಿ ನೋಡಿದಳು.

“ಬಸ್ ಬರಾಕತ್ತೈತಿ ನೋಡ್ರಿ. ಕೈ ಮಾಡ್ರಿ, ನಿಂದರಸ್ತಾನ.”

ನಾನು ಕೈ ಮಾಡಲಿಲ್ಲ. ಬಸ್ಸು ಹೋಯಿತು. ಅವಳು ಮತ್ತೆ ಮುಂದೆ ನಡೆದಳು. ಆಗ ನಾನು ಅವಳ ಎಡಗೈ ನೋಡಿದೆ. ಕಂಕುಳ ಗಂಟು ತೆಗೆದ ಮೇಲೆ ಆ ಕೈ ಊದುತ್ತದೆ ಎಂದು ನಿಮ್ಮ ಅಪ್ಪ ಹೇಳಿದ್ದ. ಬಳೆ ಏರದಷ್ಟು ಬಾತಿತ್ತು. ಚೀಲವನ್ನು ಬಲಗಡೆ ಹಾಕಿಕೊಂಡು ಮೈ ವಾಲಿಸಿ ನಡೆಯುತ್ತಿದ್ದಳು. ನಾನು ಓಡಿದಂತೆ ಹೋಗಿ ಚೀಲಕ್ಕೆ ಕೈ ಹಾಕಿದೆ.

“ಮುಟ್ಟಬ್ಯಾಡ್ರಿ” ಅಂದಳು. ಅಷ್ಟೇ.

ಮೂರನೆಯ ದಿನ ಮುಧೋಳದಿಂದಾಚೆ ಉದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಕುಂಟುವ ನನ್ನನ್ನು ನೋಡಿ ಒಬ್ಬ ಡ್ರೈವರ್ ನಿಧಾನ ಮಾಡಿ, “ಏ ಆಯಿ, ಹತ್ತು, ಕಬ್ಬಿನ ಮ್ಯಾಲ ಕುಂಡ್ರಸ್ತೇನಿ. ಫ್ಯಾಕ್ಟರ್ಯಾಗ ಕಬ್ಬನ್ನೂ ನಿನ್ನನ್ನೂ ಕೂಡೇ ಅರೀತಾರ” ಅಂದ. ಎಲ್ಲರೂ ನಕ್ಕರು. ನಿಮ್ಮ ಅವ್ವನೂ ನಕ್ಕಳು. ನಾಲ್ಕು ದಿನದಲ್ಲಿ ನಾನು ಕಂಡ ಅವಳ ನಗು ಅದೊಂದೇ.

ಅಷ್ಟರಲ್ಲಿ ಏಳೆಂಟು ಊರುಗಳಲ್ಲಿ ಹಣಿಗೆ ಹಿಡಿದು ನಿಂತಿದ್ದೆ. ಹೇಳುವ ದಿನ ಮಾತ್ರ ಹತ್ತಿರ ಬರುತ್ತಿತ್ತು. ನಡೆಯುತ್ತ ನಡೆಯುತ್ತ ಮನಸ್ಸಿನಲ್ಲಿ ಆ ಶಬ್ದ ಅಂದು ನೋಡುತ್ತಿದ್ದೆ. ತುಟಿಗೆ ಬರುತ್ತಿರಲಿಲ್ಲ. ಎದಿ ಅಂದುಬಿಟ್ಟರೆ ನಿಮ್ಮ ಭಾನುವಾರ ಹೋಗುತ್ತದೆ ಎಂದು ಗೊತ್ತಿತ್ತು, ಆದರೂ ಬರುತ್ತಿರಲಿಲ್ಲ.

ನಾಲ್ಕನೆಯ ದಿನ ಬೀಳಗಿಗೆ ಮೊದಲು ಕುರುಬರ ಒಂದು ವಸ್ತಿಯಲ್ಲಿ ನಿಂತೆವು. ಬೀರೇಶ್ವರ ಗುಡಿಯ ಮುಂದೆ ಕಂಬಳಿ ಹಾಸಿ ಕೂಡಿಸಿ, ಎಲ್ಲರಿಗೂ ಮಜ್ಜಿಗೆ ಕೊಟ್ಟರು. ಗಂಡಸರು ಬೇವಿನ ಮರದ ಕೆಳಗೆ ಇದ್ದರು. ನಿಮ್ಮ ಅವ್ವ ಮೈಕನ್ನು ನನ್ನ ಕೈಗೆ ಕೊಟ್ಟಳು. “ಹೇಳ್ರಿ” ಅಂದಳು.

ನಾನು ಸುಮ್ಮನೆ ನಿಂತದ್ದನ್ನು ನೋಡಿ ನರ್ಸು ಹೊತ್ತು ಕಳೆಯಲೆಂದು ಮುಂದೆ ಕುಳಿತ ಒಬ್ಬ ಹುಡುಗಿಯನ್ನು ಮಾತಾಡಿಸಿದಳು. ಇಪ್ಪತ್ತರ ಒಳಗಿನವಳು, ಮಡಿಲಲ್ಲಿ ಕೂಸು. “ನಿನಗೇನರ ತ್ರಾಸ ಐತೇನವ್ವ?”

ಹುಡುಗಿ ಬಾಯಿ ತೆರೆದಳು. ಬಾಜೂಕಿದ್ದ ಅವಳ ಅತ್ತೆ ಅದಕ್ಕೂ ಮೊದಲೇ ಹೇಳಿದಳು: “ಏನಿಲ್ರಿ, ಒಂಚೂರು ಎದಿ ನೋವು. ಗ್ಯಾಸು.”

ಕೂಸು ಅಳುತ್ತಿತ್ತು. ಹುಡುಗಿ ಅದನ್ನು ಬಲಗಡೆಗೇ ಹಚ್ಚಿಕೊಂಡಳು. ನಾವು ಬಂದಾಗಿನಿಂದಲೂ ಬಲಗಡೆಗೇ ಹಚ್ಚಿಕೊಳ್ಳುತ್ತಿದ್ದಳು. ಎಡಗಡೆಗೆ ಒಮ್ಮೆಯೂ ಹಾಕಿರಲಿಲ್ಲ.

“ಎದಿ ಅಲ್ಲ, ಮಲಿ” ಅಂದೆ. ಕೈಯಲ್ಲಿ ಮೈಕು ಇರುವುದು ಮರೆತಿತ್ತು. ಗುಡಿಯ ಅಂಗಳಕ್ಕೆಲ್ಲ ಕೇಳಿಸಿತು. “ಎಡಗಡಿ ಮಲ್ಯಾಗ ಗಂಟ ಐತೇನು? ನಿಮ್ಮತ್ತಿ ಬಾಚಾಕತ್ತಾಳೇನು? ನೋಯತೈತೇನು ಮಗಳ?”

ಹುಡುಗಿ ತಲೆ ಬಗ್ಗಿಸಿ ಅಳತೊಡಗಿದಳು. ಬೇವಿನ ಕೆಳಗೆ ಗಂಡಸರು ಕಿಸಿಕಿಸಿ ನಗತೊಡಗಿದರು. ಅವಳ ಅತ್ತೆ ಎದ್ದು ನಿಂತಳು.

“ಏನ ಮುದಕಿ ಅದೀ ಬೇ ನೀ? ಗಂಡ ಸತ್ತಾಕಿ, ತಲಿ ಮ್ಯಾಲ ಸೆರಗ ಹೊತ್ತು ದೇವರ ಮುಂದ ಇಂಥಾ ಮಾತ ಆಡ್ತಿ. ಗಂಡಸರು ಅದಾರ ಅನ್ನೂ ಖಬರ್ ಇಲ್ಲೇನು?”

ಹಿಂದೊಮ್ಮೆ ಯಾರಾದರೂ ನನ್ನೆದುರು ಹಾಗೆ ಮಾತಾಡಿದ್ದರೆ ನಾನು ಅಂದುಕೊಳ್ಳುತ್ತಿದ್ದದ್ದೂ ಅದೇ. ನಾನು ಹಣಿಗೆ ಎತ್ತಿ ತೋರಿಸಿ ಎಲ್ಲ ಹೇಳಿದೆ. ಕೆಂಡ, ಹರಳೆಣ್ಣೆ, ಕೈ ಬಿಗಿ ಮಾಡಿದ್ದು, ಆ ಸಿಟ್ಟು, ಡಾಕ್ಟರ ಮುಂದೆ ಅಂದ ಎರಡು ಶಬ್ದ. ಗಂಡಸರು ನಗುತ್ತಲೇ ಇದ್ದರು. ನಿಲ್ಲಿಸದೆ ಹೇಳಿದೆ.

ನರ್ಸು ಹುಡುಗಿಯನ್ನು ಗುಡಿಯ ಹಿಂದಿನ ಕೋಣೆಗೆ ಕರೆದೊಯ್ದಳು. ಹೊರಗೆ ಬಂದಾಗ ನರ್ಸಿನ ಮುಖ ಗಟ್ಟಿಯಾಗಿತ್ತು. ಒಂದು ಚೀಟಿ ಬರೆದು, “ನಾಳಿಗೇ ಹೋಗಬೇಕು” ಎಂದು ಹುಡುಗಿಯ ಕೈಯಲ್ಲಿಟ್ಟಳು. ಅತ್ತೆ ಅದನ್ನು ಇಸಿದುಕೊಂಡು ತನ್ನ ಎಲೆ-ಅಡಿಕೆಯ ಚೀಲದಲ್ಲಿ ತುರುಕಿ ಬಾಯಿ ಕಟ್ಟಿದಳು. ಆಮೇಲೆ ನರ್ಸು ಎರಡು ಸಲ ಫೋನು ಮಾಡಿದಳಂತೆ. ಒಮ್ಮೆ ಎತ್ತಲಿಲ್ಲ. ಇನ್ನೊಮ್ಮೆ ಎತ್ತಿ, ಆ ಹುಡುಗಿ ತವರಿಗೆ ಹೋಗಿದ್ದಾಳೆ ಅಂದರಂತೆ. ಹೋದಳೋ ಇಲ್ಲವೋ ನನಗೆ ಗೊತ್ತಿಲ್ಲ.

ಬೀಳಗಿಯಲ್ಲಿ ನಮಗೆ ಹಾರ ಹಾಕಿ ಫೋಟೋ ತೆಗೆದರು. ಅದೆಲ್ಲ ಮುಗಿದ ಮೇಲೆ ನಾನು ಒಂದು ಕಟ್ಟೆಯ ಮೇಲೆ ಕುಳಿತು ಚಪ್ಪಲಿ ಬಿಡಿಸುತ್ತಿದ್ದೆ. ನಿಮ್ಮ ಅವ್ವ ಬಂದು ಒಂದು ಮಾರು ದೂರ ಕುಳಿತಳು. ಅನಗವಾಡಿ ಕಡೆ ಹೋಗುವ ಗಾಡಿಗಳು ನಮ್ಮ ಮುಂದೆ ಹಾದುಹೋಗುತ್ತಿದ್ದವು. ಅವಳು ಏನೋ ಒಂದು ಒಳ್ಳೆಯ ಮಾತು ಆಡುತ್ತಾಳೆ ಎಂದು ನನಗೆ ಅನ್ನಿಸಿತು. ಅದನ್ನು ಬಚ್ಚಿಡುವುದಿಲ್ಲ. ಕಾಯುತ್ತ ಕುಳಿತಿದ್ದೆ.

“ಛಲೋ ಹೇಳಿದ್ರಿ” ಅಂದಳು.

“ಹೂಂ.”

“ಆಕಿಗೆ ನೋಯತೈತೇನು ಮಗಳ ಅಂತ ಕೇಳಿದ್ರಿ. ಆಕಿನ್ನ ನೋಡಿ ಅರ್ಧಾ ತಾಸ ಆಗಿರ್ಲಿಲ್ಲ. ನಾ ಆರ ವರ್ಷ ನಿಮ್ಮ ಮನ್ಯಾಗ ಇದ್ದೆ. ನನಗ ಒಮ್ಮಿನೂ ಕೇಳಲಿಲ್ರಿ.”

ನಾನು ಚಪ್ಪಲಿಯ ಪಿನ್ನು ತೆಗೆಯುತ್ತ ಕುಳಿತೆ.

“ಮಾತ ಕೊಟ್ಟಂಗ ಐತವಾರ ಹತ್ತಕ್ಕ ಕಳಸ್ತೇನಿ. ಐದಕ್ಕ ಬಂದ ಕರಕೊಂಡ ಹೋಗ್ತೇನಿ. ಉಣ್ಣಸ್ರಿ, ಕಥಿ ಹೇಳ್ರಿ, ಏನರ ಮಾಡ್ರಿ. ಮಗಳ ತಲಿಗೆ ಮಾತ್ರ ಹಣಗಿ ಹಚ್ಚಬ್ಯಾಡ್ರಿ. ನಿಮ್ಮ ಕೈಯಾಗ ಹಣಗಿ, ಅದರ ಕೆಳಗ ಆಕಿ ಕುಂತದ್ದು ನನಗ ನೋಡಾಕ ಆಗೂದಿಲ್ಲ.”

ಕೈ ಚಾಚಿದಳು. ನಾನು ಹಣಿಗೆ ಕೊಟ್ಟೆ. ಅದನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಈಗಲೂ ಊರೂರಿಗೆ ಒಯ್ಯುತ್ತಾಳೆ ಎಂದು ನಿಮ್ಮ ಅಪ್ಪ ಹೇಳುತ್ತಾನೆ. ಬನಹಟ್ಟಿಗೆ ನಾನು ಒಬ್ಬಳೇ ಬಸ್ಸಿನಲ್ಲಿ ಬಂದೆ. ಆ ದಿನ ಬಸ್ಸು ಹತ್ತಲು ನನಗೆ ಅಡ್ಡಿ ಇರಲಿಲ್ಲ.

ಕೂಸೇ, ನಿನಗೆ ಎಂದಾದರೂ ಅಂಥ ಗಂಟು ಬಂದರೆ ಡಾಕ್ಟರಿಗೆ ಹೆಸರು ಹಿಡಿದು ಹೇಳು. ಜೊತೆಗೆ ಬಂದವರು ಬಾಯಿ ಹಾಕಿದರೆ ಅವರನ್ನು ಹೊರಗೆ ಕಳಿಸು, ಅದು ನಾನೇ ಆದರೂ. ನಿನ್ನ ತಮ್ಮನಿಗೆ ಹೇಳು, ಅವನು ಕುಡಿದ ಹಾಲಿನದು ಏನೂ ತಪ್ಪಿಲ್ಲ. ಅದು ಹಾಲುಗಂಟು ಆಗಿರಲೇ ಇಲ್ಲ.

ಮುಂದಿನ ಭಾನುವಾರ ಬರುವಾಗ ಹೆರಳು ಅಲ್ಲಿಯೇ ಹಾಕಿಸಿಕೊಂಡು ಬಾ. ಆಡುವಾಗ ಬಿಚ್ಚಿದರೆ ರಿಬ್ಬನ್ ನನ್ನ ಕೈಗೆ ಕೊಡು, ಮಡಿಸಿ ಇಡುತ್ತೇನೆ. ಕೂದಲು ಹಾಗೇ ಇರಲಿ. ಐದಕ್ಕೆ ನಿಮ್ಮ ಅವ್ವ ಬರುತ್ತಾಳೆ.